ಜಿಮ್ ಅಬಾಟ್: 87 ಗೆಲುವು, 108 ಸೋಲು. ಇದನ್ನು ಒಳ್ಳೆಯ ಕೆರಿಯರ್ ಅನ್ನಬಹುದಾ?

ಮಿಶಿಗನ್ ಮಾವ

ನಮ್ಮ ಜನಕ್ಕೆ ಬೇಸ್‌ಬಾಲ್ ಅಂದರೆ ಬೇಬ್ ರೂತ್, ಬಿಟ್ಟರೆ ಯಾಂಕೀಸ್ ಟೋಪಿ. ನಾನು ಇವತ್ತು ಒಬ್ಬ ಪಿಚರ್ (ಬೇಸ್‌ಬಾಲ್‌ನಲ್ಲಿ ಬೌಲರ್ ಹಾಗೆ ಚೆಂಡು ಎಸೆಯುವವನು) ಬಗ್ಗೆ ಜಗಳ ತೆಗೆಯೋಣ ಅಂತ ಬಂದಿದ್ದೇನೆ.

ಜಿಮ್ ಅಬಾಟ್. 1967ರಲ್ಲಿ ಮಿಶಿಗನ್ ರಾಜ್ಯದ ಫ್ಲಿಂಟ್‌ನಲ್ಲಿ ಹುಟ್ಟಿದವನು. ಕಾರ್ ಕಾರ್ಖಾನೆಗಳ ಊರು ಅದು. ಹುಟ್ಟುವಾಗಲೇ ಬಲಗೈಗೆ ಹಸ್ತ ಇರಲಿಲ್ಲ. ಎಡಗೈಯಲ್ಲಿ ಎಸೆದು ಅಮೆರಿಕದ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ 1989ರಿಂದ 1999ರವರೆಗೆ ಹತ್ತು ಸೀಸನ್ ಆಡಿದ. ನಡುವೆ 1997 ಒಂದು ವರ್ಷ ಆಡಲಿಲ್ಲ.

ವಾಟ್ಸಾಪ್‌ನಲ್ಲಿ ಅವನ ವಿಡಿಯೊ ಆಗಾಗ ಬರುತ್ತದೆ. ಹಿಂದೆ ಪಿಟೀಲು, ಕೆಳಗೆ 'ಮನಸ್ಸಿದ್ದರೆ ಮಾರ್ಗ' ಅಂತ ಒಂದು ಸಾಲು. ನೋಡಿದವರು ಕಣ್ಣು ಒರೆಸಿಕೊಂಡು ಮುಂದಿನ ಗ್ರೂಪಿಗೆ ಕಳಿಸುತ್ತಾರೆ. ಅವನು ಹೇಗೆ ಎಸೆಯುತ್ತಿದ್ದ, ಯಾವ ವರ್ಷ ಚೆನ್ನಾಗಿದ್ದ, ಯಾವಾಗ ಕೆಟ್ಟ, ಯಾಕೆ ಕೆಟ್ಟ? ಒಬ್ಬರೂ ಕೇಳುವುದಿಲ್ಲ. ಪಿಚರ್ ಅಂತ ನೋಡಿದರೆ ಅವನ ಲೆಕ್ಕ 87 ಗೆಲುವು, 108 ಸೋಲು. ನನ್ನ ಪ್ರಕಾರ ಅವನು ನಾಲ್ಕೈದು ವರ್ಷ ನಿಜಕ್ಕೂ ಒಳ್ಳೆಯ ಪಿಚರ್, ಆಮೇಲೆ ಕೆಟ್ಟ ಪಿಚರ್. ಎರಡಕ್ಕೂ ಕೈಗೂ ಸಂಬಂಧ ಇಲ್ಲ. ಒಪ್ಪದವರು ಬನ್ನಿ.

ಗೂಗ್ಲಿ ಗುರು

ಮಾವ, ನಾನೇ ಮೊದಲು ಬರ್ತೀನಿ. ಸೋಲು ಗೆಲುವಿಗಿಂತ 21 ಜಾಸ್ತಿ ಇದೆಯಲ್ಲ. ಎರಡೂ ಕೈ ಇದ್ದವನ ಲೆಕ್ಕ ಹೀಗಿದ್ದರೆ ನೀವು ಅವನ ಹೆಸರನ್ನಾದರೂ ಎತ್ತುತ್ತಿದ್ದಿರಾ? ಸುಮ್ನೆ ಕೇಳ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ.

ಲೆಕ್ಕದ ಲಿಂಗಪ್ಪ

ಗುರುಗಳೇ, ಪಿಚರ್‌ನ ಗೆಲುವು ಸೋಲು ಅನ್ನುವುದು ಬಹಳ ಮೋಸದ ಲೆಕ್ಕ. ಕ್ರಿಕೆಟ್‌ನಲ್ಲಿ ಬೌಲರ್ ಹೆಸರಿಗೆ ಸೋಲು ಬರೆಯುವುದಿಲ್ಲ, ಅಲ್ವಾ? ಇಲ್ಲಿ ಬರೆಯುತ್ತಾರೆ. ಪಂದ್ಯ ಶುರು ಮಾಡುವ ಪಿಚರ್‌ಗೆ ಗೆಲುವು ಸಿಗಬೇಕಾದರೆ ಕನಿಷ್ಠ ಐದು ಇನಿಂಗ್ಸ್ (ಮೂರು ಔಟ್‌ಗೆ ಒಂದು ಇನಿಂಗ್ಸ್, ಪಂದ್ಯಕ್ಕೆ ಒಂಬತ್ತು) ಎಸೆದಿರಬೇಕು, ಅವನು ಹೊರಗೆ ಹೋಗುವಾಗ ಅವನ ತಂಡ ಮುಂದಿರಬೇಕು, ಕೊನೆಯವರೆಗೂ ಮುಂದೆಯೇ ಉಳಿಯಬೇಕು. ಅವನು ಒಂದೇ ರನ್ ಕೊಟ್ಟರೂ ಅವನ ಬ್ಯಾಟರ್‌ಗಳು ಸೊನ್ನೆ ಹೊಡೆದರೆ ಸೋಲು ಅವನ ಖಾತೆಗೇ.

ಅದಕ್ಕೇ ಇನ್ನೊಂದು ಅಂಕಿ ನೋಡುತ್ತಾರೆ, ಇ.ಆರ್.ಎ. ಒಂಬತ್ತು ಇನಿಂಗ್ಸ್‌ಗೆ ಸರಾಸರಿ ಎಷ್ಟು ರನ್ ಕೊಟ್ಟ ಅಂತ. ಫೀಲ್ಡರ್ ಎಡವಟ್ಟಿನಿಂದ ಬಂದ ರನ್ ಇದರಲ್ಲಿ ಸೇರುವುದಿಲ್ಲ. ಮೂರಕ್ಕಿಂತ ಕಡಿಮೆ ಇದ್ದರೆ ಬಹಳ ಒಳ್ಳೆಯದು.

ಈಗ ಅಬಾಟ್‌ನ ಎರಡು ವರ್ಷ ಪಕ್ಕಪಕ್ಕ ಇಡಿ. 1991ರಲ್ಲಿ 18 ಗೆಲುವು, 11 ಸೋಲು, ಇ.ಆರ್.ಎ. 2.89. ಆ ವರ್ಷ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಮೂರನೇ ಸ್ಥಾನ. ರೋಜರ್ ಕ್ಲೆಮೆನ್ಸ್‌ಗೆ ಪ್ರಶಸ್ತಿ. ಮರುವರ್ಷ 1992ರಲ್ಲಿ 7 ಗೆಲುವು, 15 ಸೋಲು. ನೋಡಿದರೆ ಪೂರ್ತಿ ಬಿದ್ದುಹೋದ ಅನಿಸುತ್ತದೆ. ಇ.ಆರ್.ಎ. ಎಷ್ಟು ಗೊತ್ತಾ? 2.77. ಹಿಂದಿನ ವರ್ಷಕ್ಕಿಂತ ಚೆನ್ನಾಗಿ ಎಸೆದಿದ್ದಾನೆ! ಅವನ ತಂಡ ಕ್ಯಾಲಿಫೋರ್ನಿಯಾ ಏಂಜಲ್ಸ್‌ನ ಬ್ಯಾಟರ್‌ಗಳು ಅವನು ಎಸೆಯುವ ದಿನ ರನ್ ಹೊಡೆಯಲೇ ಇಲ್ಲ. ಆ 15 ಸೋಲು ಅವನ 108ರಲ್ಲಿ ಸೇರಿವೆ.

ಗೂಗ್ಲಿ ಗುರು

ಸರಿ, ಒಂದು ವರ್ಷದ್ದು ಒಪ್ಪಿದೆ. ಮಿಕ್ಕ 93?

ಶಾರದಾ ಹಾಸನ

ಅಂಕಿ ಆಮೇಲೆ ಜಗಳ ಆಡಿ. ನಾನು ಶಾಲೆಯಲ್ಲಿ ಪಿ.ಟಿ. ಟೀಚರ್. ನನಗೆ ಬೇಕಾಗಿರುವುದು ಬೇರೆ. ಬೇಸ್‌ಬಾಲ್‌ನಲ್ಲಿ ಒಂದು ಕೈಗೆ ಗ್ಲೌಸ್, ಇನ್ನೊಂದು ಕೈಯಲ್ಲಿ ಎಸೆತ. ಒಂದೇ ಹಸ್ತ ಇರುವವನು ಎಸೆದ ತಕ್ಷಣ ಚೆಂಡು ವಾಪಸ್ ಅವನ ಕಡೆಗೇ ಬಂದರೆ ಏನು ಮಾಡುತ್ತಿದ್ದ? ದಯವಿಟ್ಟು ಬಿಡಿಸಿ ಹೇಳಿ. ಒಬ್ಬ ಹುಡುಗನಿಗೆ ಕಲಿಸಬೇಕು, ಅದಕ್ಕೇ ಕೇಳುತ್ತಿದ್ದೇನೆ.

ಮಿಶಿಗನ್ ಮಾವ

ಮೇಡಂ, ಅದನ್ನು ನಿಧಾನಗತಿಯಲ್ಲಿ ನೋಡಬೇಕು. ಹೇಳುತ್ತೇನೆ.

ಎಸೆಯುವ ಮೊದಲು ಗ್ಲೌಸನ್ನು ಬಲ ಮುಂಗೈಯ ತುದಿಗೆ ಸಿಕ್ಕಿಸಿಕೊಂಡಿರುತ್ತಾನೆ. ಹಾಕಿಕೊಂಡಿರುವುದಿಲ್ಲ, ಸುಮ್ನೆ ಅಲ್ಲಿ ಕೂರಿಸಿರುತ್ತಾನೆ, ಬಾಯಿ ತೆರೆದುಕೊಂಡು. ಎಡಗೈಯಲ್ಲಿ ಎಸೆಯುತ್ತಾನೆ. ಎಸೆದ ಕೈ ಮುಂದಕ್ಕೆ ಇಳಿದು ಬರುತ್ತದಲ್ಲ, ಅದೇ ಓಟದಲ್ಲಿ ಎಡಗೈ ನೇರ ಗ್ಲೌಸಿನೊಳಗೆ ಹೋಗುತ್ತದೆ. ಚೆಂಡು ಬ್ಯಾಟರ್ ಹತ್ತಿರ ತಲುಪುವಷ್ಟರಲ್ಲಿ ಅವನು ಕ್ಯಾಚ್ ಹಿಡಿಯಲು ಸಿದ್ಧ.

ಕಷ್ಟ ಇರುವುದು ಅದರ ಮುಂದಿನ ಭಾಗದಲ್ಲಿ. ಎಡಗೈಯ ಗ್ಲೌಸಿನಲ್ಲಿ ಚೆಂಡು ಹಿಡಿದ. ಈಗ ಅದೇ ಎಡಗೈಯಲ್ಲಿ ಬ್ಯಾಟರ್ ಓಡಿ ತಲುಪಬೇಕಾದ ಫಸ್ಟ್ ಬೇಸ್‌ಗೆ ಎಸೆಯಬೇಕು. ಗ್ಲೌಸನ್ನು ಬಲ ಮುಂಗೈಗೂ ಎದೆಗೂ ನಡುವೆ ಒತ್ತಿ ಹಿಡಿಯುತ್ತಾನೆ. ಕೈ ಹೊರಗೆ ಎಳೆಯುತ್ತಾನೆ, ಎಳೆಯುವಾಗಲೇ ಚೆಂಡು ಕೈಗೆ ಬಂದಿರುತ್ತದೆ. ಎಸೆತ. ಎಲ್ಲ ಒಂದೇ ಚಲನೆ. ಮೊದಲ ಸಲ ನೋಡುವವರಿಗೆ ಏನು ನಡೆಯಿತು ಅಂತಲೇ ಗೊತ್ತಾಗುವುದಿಲ್ಲ.

ಇದನ್ನು ಅಪ್ಪನ ಜೊತೆ ಅಭ್ಯಾಸ ಮಾಡಿದ. ಮನೆ ಹತ್ತಿರದ ಇಟ್ಟಿಗೆ ಗೋಡೆಗೆ ಚೆಂಡು ಎಸೆಯುವುದು, ಗ್ಲೌಸ್ ಬದಲಾಯಿಸುವುದು, ಹಿಡಿಯುವುದು. ಬೇಗ ಆಗುತ್ತಾ ಬಂದ ಹಾಗೆ ಗೋಡೆಗೆ ಇನ್ನಷ್ಟು ಹತ್ತಿರ ನಿಲ್ಲುವುದು. ಚಿಕ್ಕಂದಿನಲ್ಲಿ ಕೊಕ್ಕೆ ಇರುವ ಕೃತಕ ಕೈ ಹಾಕಿಸಿದ್ದರು, ಅವನಿಗೆ ಅದು ಹಿಡಿಸಲಿಲ್ಲ, ಬಿಟ್ಟುಬಿಟ್ಟ. ನಿಮ್ಮ ಹುಡುಗನಿಗೂ ಈ ಗೋಡೆ ಪಾಠ ಸಾಕು ಅನಿಸುತ್ತದೆ. ಟೆನಿಸ್ ಬಾಲ್‌ನಿಂದ ಶುರು ಮಾಡಿಸಿ.

ಶಾಲೆಯ ದಿನಗಳಲ್ಲಿ ಎದುರು ತಂಡದವರು ಇವನ ಮೇಲೆ ಬಂಟ್ ಪ್ರಯೋಗ ಮಾಡುತ್ತಿದ್ದರು. ಅಂದರೆ ಬ್ಯಾಟ್ ಬೀಸದೆ ಚೆಂಡನ್ನು ಮೆಲ್ಲಗೆ ತಟ್ಟಿ ಪಿಚರ್ ಮುಂದೆ ಉರುಳಿಸುವುದು. ಒಂದೇ ಕೈಯವನು ಓಡಿ ಬಂದು ಎತ್ತಿ ಎಸೆಯಲಾರ ಅಂತ ಲೆಕ್ಕ. ಸಾಲಾಗಿ ಬಂಟ್ ಮಾಡಿದರು, ಇವನು ಸಾಲಾಗಿ ಔಟ್ ಮಾಡಿದ. ಆಮೇಲೆ ನಿಂತುಹೋಯಿತು.

ಶಾರದಾ ಹಾಸನ

ಥ್ಯಾಂಕ್ಸ್ ಸರ್. ಬಲ ಮುಂಗೈಗೂ ಎದೆಗೂ ನಡುವೆ ಒತ್ತುವುದು, ಇದು ನನಗೆ ಹೊಳೆದಿರಲಿಲ್ಲ. ನಾನು ಗ್ಲೌಸನ್ನು ಕೆಳಗೆ ಬೀಳಿಸು ಅಂತ ಹೇಳಿಕೊಡುತ್ತಿದ್ದೆ.

ಬಸವನಗುಡಿ ಬೌಲರ್

ಇಷ್ಟು ಹೊತ್ತಾದರೂ ಯಾರೂ ಬಿ.ಎಸ್. ಚಂದ್ರಶೇಖರ್ ಹೆಸರು ತೆಗೆದಿಲ್ಲ ಅಂದರೆ ಇದು ಕನ್ನಡಿಗರ ಚರ್ಚೆಯೇ ಅಂತ ಅನುಮಾನ ಬರುತ್ತಿದೆ 😀

ಮೈಸೂರಲ್ಲಿ ಹುಟ್ಟಿದವರು. ಚಿಕ್ಕ ವಯಸ್ಸಿನಲ್ಲೇ ಪೋಲಿಯೊ, ಬಲಗೈ ಸಣಕಲಾಯಿತು. ಅದೇ ಬಲಗೈಯಲ್ಲಿ 58 ಟೆಸ್ಟ್, 242 ವಿಕೆಟ್. 1971ರ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್, ಇಂಗ್ಲೆಂಡ್ ನೆಲದಲ್ಲಿ ಭಾರತಕ್ಕೆ ಮೊದಲ ಸರಣಿ. ಫೀಲ್ಡಿಂಗ್ ಮಾಡುವಾಗ ಎಡಗೈಯಲ್ಲಿ ಎಸೆಯುತ್ತಿದ್ದರು. ಅಬಾಟ್ ಕಥೆ ನಮಗೇನು ಹೊಸದಲ್ಲ ರೀ.

ಲೆಕ್ಕದ ಲಿಂಗಪ್ಪ

ಬೌಲರ್ ಸಾಹೇಬರೇ, ಚಂದ್ರ ಅವರ ಬಗ್ಗೆ ನನಗೂ ಅಷ್ಟೇ ಅಭಿಮಾನ. ಆದರೆ ಇಬ್ಬರದೂ ಒಂದೇ ಕಥೆ ಅಲ್ಲ. ಚಂದ್ರ ಅವರ ಸಣ್ಣ ಕೈ ಚಾಟಿಯ ಹಾಗೆ ತಿರುಗುತ್ತಿತ್ತು, ಅದರಿಂದಲೇ ಆ ವೇಗದ ಗೂಗ್ಲಿ ಸಾಧ್ಯವಾಯಿತು ಅಂತ ಆಟ ನೋಡಿದವರು ಹೇಳುತ್ತಾರೆ. ಊನವಾದ ಕೈಯೇ ಬೌಲಿಂಗ್ ಕೈ. ಬೇಸ್‌ಬಾಲ್‌ನಲ್ಲಿ ಅವರಿಗೆ ಸರಿಜೋಡಿ ಬೇಕಾದರೆ ಮೊರ್ಡಿಕಾಯ್ ಬ್ರೌನ್. ಇಂಡಿಯಾನಾ ರಾಜ್ಯದ ರೈತರ ಹುಡುಗ. ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿ ತೋರುಬೆರಳು ಹೋಯಿತು. ಆಮೇಲೆ ಬಿದ್ದು ಮಿಕ್ಕ ಬೆರಳುಗಳೂ ಸೊಟ್ಟಗಾದವು. ಆ ಕೈಯಿಂದ ಬಿಟ್ಟ ಚೆಂಡು ವಿಚಿತ್ರವಾಗಿ ತಿರುಗಿ ಕೆಳಗೆ ಬೀಳುತ್ತಿತ್ತು. 239 ಗೆಲುವು, ಶಿಕಾಗೊ ಕಬ್ಸ್ 1907, 1908ರಲ್ಲಿ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್) ಗೆದ್ದಾಗ ಅವನೇ ಮುಖ್ಯ ಪಿಚರ್‌ಗಳಲ್ಲಿ ಒಬ್ಬ. ಆಮೇಲೆ ಹಾಲ್ ಆಫ್ ಫೇಮ್, ಅಂದರೆ ಮಹಾನ್ ಆಟಗಾರರ ಗೌರವ ಪಟ್ಟಿ.

ಅಬಾಟ್‌ಗೆ ಅಂಥ ಲಾಭ ಏನೂ ಇರಲಿಲ್ಲ. ಅವನ ಎಸೆಯುವ ಕೈ ಎಲ್ಲರ ಕೈಯಂತೆಯೇ. ಬಲಗೈ ಅವನಿಗೆ ಫೀಲ್ಡಿಂಗ್‌ನಲ್ಲಿ ಒಂದು ಹೆಚ್ಚಿನ ಕೆಲಸ ಕೊಟ್ಟಿತು, ಅಷ್ಟೇ. ಮಾವ ಹೇಳುವುದು ಇದನ್ನೇ ಅನಿಸುತ್ತದೆ. ಎಸೆತವನ್ನು ಎಸೆತ ಅಂತ ಅಳೆಯಿರಿ.

ಬಸವನಗುಡಿ ಬೌಲರ್

ಇದು ಒಪ್ಪುವ ಮಾತು. ಬ್ರೌನ್ ಹೆಸರು ನಾನು ಕೇಳಿರಲಿಲ್ಲ.

ಗೂಗ್ಲಿ ಗುರು

ನನ್ನ ಅನುಮಾನ ಇನ್ನೂ ಹೋಗಿಲ್ಲ. ಅವನು ಒಂದು ದಿನವೂ ಮೈನರ್ ಲೀಗ್ (ಕೆಳಗಿನ ಹಂತ) ಆಡದೆ ನೇರ ಮೇಜರ್ ಲೀಗ್‌ಗೆ ಬಂದ ಅಂತ ಓದಿದೆ. ಎಲ್ಲರೂ ಎರಡು ಮೂರು ವರ್ಷ ಸಣ್ಣ ಊರುಗಳಲ್ಲಿ ಬಸ್‌ನಲ್ಲಿ ಓಡಾಡಿ ಬರುತ್ತಾರೆ. ಇವನಿಗೆ ಯಾಕೆ ಆ ರಿಯಾಯಿತಿ? ಟಿಕೆಟ್ ಮಾರಾಟಕ್ಕೆ ತಾನೆ?

ಮಿಶಿಗನ್ ಮಾವ

ಈ ಮಾತನ್ನು ಅಲ್ಲಿನ ಪತ್ರಿಕೆಯವರೂ ಆಗ ಆಡಿದ್ದರು. ಅವನ ಹಿಂದಿನ ದಾಖಲೆ ನೋಡಿ, ಆಮೇಲೆ ಹೇಳಿ.

ಹೈಸ್ಕೂಲ್ ಮುಗಿದಾಗಲೇ, 1985ರಲ್ಲಿ, ಟೊರಾಂಟೊ ಬ್ಲೂ ಜೇಸ್ ತಂಡ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವುದು) ಅವನ ಹೆಸರು ಹಿಡಿದಿತ್ತು. ಅವನು ಹೋಗದೆ ಮಿಶಿಗನ್ ವಿಶ್ವವಿದ್ಯಾಲಯ ಸೇರಿದ. 1987ರಲ್ಲಿ ಅಮೆರಿಕ ತಂಡದ ಪರ ಹವಾನಾಕ್ಕೆ ಹೋಗಿ ಕ್ಯೂಬಾವನ್ನು ಸೋಲಿಸಿದ. ಕ್ಯೂಬಾದ ನೆಲದಲ್ಲಿ ಅಮೆರಿಕದ ಪಿಚರ್ ಒಬ್ಬ ಗೆದ್ದು 25 ವರ್ಷ ಆಗಿತ್ತು. ಆ ವರ್ಷ ದೇಶದ ಅತ್ಯುತ್ತಮ ಹವ್ಯಾಸಿ ಕ್ರೀಡಾಪಟುವಿಗೆ ಕೊಡುವ ಸಲಿವನ್ ಪ್ರಶಸ್ತಿ ಸಿಕ್ಕಿತು. 1988ರ ಡ್ರಾಫ್ಟ್‌ನಲ್ಲಿ ಎಂಟನೆಯವನಾಗಿ ಏಂಜಲ್ಸ್ ಆರಿಸಿಕೊಂಡಿತು. ಅದೇ ವರ್ಷ ಸೋಲ್ ಒಲಿಂಪಿಕ್ಸ್. ಬೇಸ್‌ಬಾಲ್ ಆಗ ಪ್ರದರ್ಶನ ಆಟ ಮಾತ್ರ. ಫೈನಲ್‌ನಲ್ಲಿ ಜಪಾನ್ ವಿರುದ್ಧ ಒಂಬತ್ತೂ ಇನಿಂಗ್ಸ್ ಒಬ್ಬನೇ ಎಸೆದು 5-3ರಲ್ಲಿ ಗೆಲ್ಲಿಸಿದ. ಆ ಪಂದ್ಯದಲ್ಲಿ ಎರಡು ಹೋಮ್ ರನ್ ಹೊಡೆದವನು ಟಿನೊ ಮಾರ್ಟಿನೆಜ್, ಮುಂದೆ ಯಾಂಕೀಸ್‌ನಲ್ಲಿ ಹೆಸರು ಮಾಡಿದವನು.

ಇಷ್ಟೆಲ್ಲ ಆದವನು ನೇರ ಬಂದರೆ ಅದನ್ನು ರಿಯಾಯಿತಿ ಅನ್ನುತ್ತೀರಾ? ಮೊದಲ ವರ್ಷ 12 ಗೆಲುವು, 12 ಸೋಲು. ಅದೇ ವರ್ಷ ಕ್ಲೆಮೆನ್ಸ್ ಎದುರಾಳಿಯಾಗಿದ್ದ ಪಂದ್ಯದಲ್ಲಿ ಒಂದೂ ರನ್ ಕೊಡದೆ ಗೆದ್ದ.

ಅವನ ಮುಖ್ಯ ಆಯುಧ ಕಟರ್. ಕ್ರಿಕೆಟ್‌ನ ಕಟರ್ ನೆಲಕ್ಕೆ ಬಿದ್ದು ತಿರುಗುತ್ತದೆ, ಇದು ಗಾಳಿಯಲ್ಲೇ ತಿರುಗಬೇಕು. ನೋಡಲು ನೇರ ಫಾಸ್ಟ್‌ಬಾಲ್. ಕೊನೆಯ ಕ್ಷಣದಲ್ಲಿ ಬಲಗೈ ಬ್ಯಾಟರ್‌ನ ಕೈಗಳ ಕಡೆಗೆ ಒಳಗೆ ನುಗ್ಗುತ್ತದೆ. ಬ್ಯಾಟಿನ ದಪ್ಪ ಭಾಗಕ್ಕೆ ಸಿಗುವ ಬದಲು ಹಿಡಿಕೆ ಹತ್ತಿರ ತಗಲುತ್ತದೆ. ಬ್ಯಾಟ್ ಮುರಿಯುತ್ತದೆ, ಇಲ್ಲವೇ ಚೆಂಡು ಮೆತ್ತಗೆ ಉರುಳುತ್ತದೆ. ಅವನಿಗೆ ಸ್ಟ್ರೈಕ್‌ಔಟ್ (ಬ್ಯಾಟರ್ ಚೆಂಡನ್ನು ಹೊಡೆಯಲಾಗದೆ ಔಟಾಗುವುದು) ಕಡಿಮೆ. ಬ್ಯಾಟರ್ ಹೊಡೆಯಲಿ, ಆದರೆ ಕೆಟ್ಟದಾಗಿ ಹೊಡೆಯಲಿ ಅನ್ನುವ ಜಾತಿಯ ಪಿಚರ್.

ಅರ್ಧರಾತ್ರಿ ಆಟ

ನೋ ಹಿಟ್ಟರ್ (ಎದುರು ತಂಡಕ್ಕೆ ಪಂದ್ಯವಿಡೀ ಒಂದೂ ಹಿಟ್ ಬಿಡದಿರುವುದು; ಹಿಟ್ ಅಂದರೆ ಬ್ಯಾಟರ್ ಹೊಡೆದು ಔಟಾಗದೆ ಬೇಸ್ ತಲುಪುವುದು) ಬಗ್ಗೆ ಹೇಳದೆ ಅಬಾಟ್ ಕಥೆ ಮುಗಿಸಬೇಡಿ. ನಾನು ಆ ಪೂರ್ತಿ ಪಂದ್ಯದ ರೆಕಾರ್ಡಿಂಗ್ ನೋಡಿದ್ದೇನೆ.

1992ರ ಕೊನೆಗೆ ಏಂಜಲ್ಸ್ ಅವನನ್ನು ನ್ಯೂಯಾರ್ಕ್ ಯಾಂಕೀಸ್‌ಗೆ ಕೊಟ್ಟುಬಿಟ್ಟಿತು. 1993ರ ಆಗಸ್ಟ್ ಕೊನೆಯಲ್ಲಿ ಕ್ಲೀವ್‌ಲೆಂಡ್ ತಂಡದ ಕೈಯಲ್ಲಿ ಚೆನ್ನಾಗಿ ಹೊಡೆಸಿಕೊಂಡ. ನಾಲ್ಕು ಇನಿಂಗ್ಸ್ ಕೂಡ ಪೂರೈಸಲಿಲ್ಲ, 10 ಹಿಟ್, 7 ರನ್. ಎಷ್ಟು ಸಿಟ್ಟು ಬಂತೆಂದರೆ ಪಂದ್ಯ ಇನ್ನೂ ನಡೆಯುತ್ತಿರುವಾಗಲೇ ಸ್ಟೇಡಿಯಂನಿಂದ ಹೊರಗೆ ಹೋಗಿ ರಸ್ತೆಯಲ್ಲಿ ಓಡಲು ಶುರು ಮಾಡಿದ.

ಮುಂದಿನ ಸರದಿ ಸೆಪ್ಟೆಂಬರ್ 4, ನ್ಯೂಯಾರ್ಕ್‌ನಲ್ಲಿ. ಎದುರಾಳಿ ಮತ್ತೆ ಅದೇ ಕ್ಲೀವ್‌ಲೆಂಡ್. ಕೆನ್ನಿ ಲಾಫ್ಟನ್, ಆಲ್ಬರ್ಟ್ ಬೆಲ್, ಜಿಮ್ ಟೋಮಿ, ಆಗಷ್ಟೇ ಬಂದಿದ್ದ ಮ್ಯಾನಿ ರಮಿರೆಜ್ ಇದ್ದ ತಂಡ. ಪಂದ್ಯ ಸುಂದರವಾಗೇನೂ ಶುರುವಾಗಲಿಲ್ಲ. ಒಟ್ಟು ಐದು ವಾಕ್ (ತಪ್ಪು ಎಸೆತಗಳಿಂದ ಬ್ಯಾಟರ್‌ಗೆ ಬಿಟ್ಟಿ ಫಸ್ಟ್ ಬೇಸ್) ಕೊಟ್ಟ, ಸ್ಟ್ರೈಕ್‌ಔಟ್ ಬರೀ ಮೂರು. ಅಂದರೆ ಬ್ಯಾಟರ್‌ಗಳು ಹೊಡೆಯುತ್ತಲೇ ಇದ್ದಾರೆ, ಫೀಲ್ಡರ್‌ಗಳು ಹಿಡಿಯುತ್ತಲೇ ಇದ್ದಾರೆ. ಏಳನೇ ಇನಿಂಗ್ಸ್‌ನಲ್ಲಿ ಬೆಲ್ ಹೊಡೆದ ಚೆಂಡನ್ನು ಥರ್ಡ್ ಬೇಸ್‌ನಲ್ಲಿ ವೇಡ್ ಬಾಗ್ಸ್ ಡೈವ್ ಹೊಡೆದು ತಡೆದ. ಅದು ಹೋಗಿದ್ದರೆ ಎಲ್ಲ ಮುಗಿಯುತ್ತಿತ್ತು.

ಒಂಬತ್ತನೇ ಇನಿಂಗ್ಸ್. ಲಾಫ್ಟನ್ ಬಂದವನೇ ಬಂಟ್ ಮಾಡಲು ನೋಡಿದ. ಜನ ಬೊಬ್ಬೆ ಹೊಡೆದರು. (ನನ್ನ ಕೇಳಿದರೆ ಲಾಫ್ಟನ್ ಮಾಡಿದ್ದರಲ್ಲಿ ತಪ್ಪಿಲ್ಲ. ಅವನ ಕಾಲಿನ ವೇಗಕ್ಕೆ ಯಾವ ಪಿಚರ್ ಮೇಲಾದರೂ ಬಂಟ್ ಮಾಡುತ್ತಿದ್ದ. ಅಬಾಟ್‌ನನ್ನು ಬೇರೆಯವರಂತೆ ನೋಡಿದ ಅನ್ನಿ.) ಲಾಫ್ಟನ್ ಔಟ್. ಆಮೇಲೆ ಫೆಲಿಕ್ಸ್ ಫರ್ಮಿನ್ ದೂರಕ್ಕೆ ಹೊಡೆದ, ಬರ್ನಿ ವಿಲಿಯಮ್ಸ್ ಓಡಿ ಹಿಡಿದ. ಕೊನೆಗೆ ಕಾರ್ಲೋಸ್ ಬಯೆರ್ಗಾ. ಇವನು ಎರಡೂ ಕಡೆಯಿಂದ ಬ್ಯಾಟ್ ಮಾಡಬಲ್ಲವನು. ಎಡಗೈ ಪಿಚರ್ ಇದ್ದರೆ ಅಂಥವರು ಬಲಗಡೆಯಿಂದ ಆಡುವುದು ರೂಢಿ. ಬಯೆರ್ಗಾ ಎಡಗಡೆಯಿಂದಲೇ ನಿಂತ! ಕಟರ್ ಕೈಗೆ ನುಗ್ಗಬಾರದು ಅಂತ. ನನ್ನ ಮಟ್ಟಿಗೆ ಅಬಾಟ್‌ಗೆ ಸಿಕ್ಕ ದೊಡ್ಡ ಮೆಚ್ಚುಗೆ ಅದೇ. ಚೆಂಡು ಶಾರ್ಟ್‌ಸ್ಟಾಪ್ ಜಾಗದ ಫೀಲ್ಡರ್ ರ‍್ಯಾಂಡಿ ವೆಲಾರ್ಡೆ ಕಡೆ ಉರುಳಿತು, ಔಟ್. 4-0. ಒಂದೂ ಹಿಟ್ ಇಲ್ಲ.

ಮಿಶಿಗನ್ ಮಾವ

ಬಯೆರ್ಗಾ ವಿಷಯ ಹೇಳಿದ್ದು ಬಹಳ ಒಳ್ಳೆಯದಾಯಿತು. ಯಾವ ವಿಡಿಯೊದಲ್ಲೂ ಇದು ಬರುವುದಿಲ್ಲ.

ಗೂಗ್ಲಿ ಗುರು

ಒಂದು ದಿನ ಎಲ್ಲರಿಗೂ ಬರುತ್ತದೆ ಸ್ವಾಮಿ. ಆ ವರ್ಷ ಅವನ ಲೆಕ್ಕ 11-14, ಇ.ಆರ್.ಎ. 4.37. ನಿಮ್ಮ ಲಿಂಗಪ್ಪನವರ ಅಳತೆಯಲ್ಲೇ ಹೇಳಿ, ಇದು ಒಳ್ಳೆಯದಾ?

ಲೆಕ್ಕದ ಲಿಂಗಪ್ಪ

ಅಲ್ಲ. ಸಾಧಾರಣ. ಇನ್ನೂ ಮುಂದೆ ಹೋಗಿ, ಅದಕ್ಕಿಂತ ಕೆಟ್ಟದ್ದಿದೆ. 1995ರಲ್ಲಿ ಶಿಕಾಗೊ ವೈಟ್ ಸಾಕ್ಸ್ ಸೇರಿ, ಅದೇ ವರ್ಷ ನಡುವೆ ಏಂಜಲ್ಸ್‌ಗೆ ವಾಪಸ್ ಬಂದ. ಆ ವರ್ಷ ಪರವಾಗಿಲ್ಲ, 11-8. 1996ರಲ್ಲಿ 2 ಗೆಲುವು, 18 ಸೋಲು, ಇ.ಆರ್.ಎ. 7.48. ಇದಕ್ಕೆ ಬ್ಯಾಟರ್‌ಗಳನ್ನು ಬೈಯಲು ಆಗುವುದಿಲ್ಲ. ಅವನೇ ಕೆಟ್ಟದಾಗಿ ಎಸೆದ. ಆ ವರ್ಷ ಮೊದಲ ಸಲ ಅವನನ್ನು ಮೈನರ್ ಲೀಗ್‌ಗೆ, ವ್ಯಾಂಕೂವರ್‌ಗೆ ಕಳಿಸಿದರು. ಗುರುಗಳು ಕೇಳಿದ ಬಸ್ ಪ್ರಯಾಣ ಎಂಟನೇ ವರ್ಷದಲ್ಲಿ ಬಂತು.

ಕಾರಣ ವೇಗ. ಫಾಸ್ಟ್‌ಬಾಲ್‌ನ ವೇಗ ಇಳಿದುಹೋಯಿತು. ಕಟರ್ ಜಾಸ್ತಿ ಎಸೆದವರ ಕೈಯಲ್ಲಿ ನೇರ ಎಸೆತದ ಬಿರುಸು ಕಮ್ಮಿಯಾಗುತ್ತದೆ ಅಂತ ಕೆಲವರ ವಾದ. ಅದು ಇರಬಹುದು, ಇಲ್ಲದಿರಬಹುದು. ವೇಗ ಹೋದರೆ ಕಟರ್ ಮೋಸ ಮಾಡುವುದಿಲ್ಲ, ಇದಂತೂ ನಿಜ. ಬ್ಯಾಟರ್‌ಗೆ ನೋಡಲು ಸಮಯ ಸಿಗುತ್ತದೆ.

ಶಾರದಾ ಹಾಸನ

ಎಡಗೈಯೊಂದಕ್ಕೇ ಎಲ್ಲ ಕೆಲಸ ಬಿದ್ದು ದಣಿದಿರಬಹುದಲ್ವಾ?

ಲೆಕ್ಕದ ಲಿಂಗಪ್ಪ

ಮೇಡಂ, 28-29 ವಯಸ್ಸಿಗೆ ವೇಗ ಕಳೆದುಕೊಂಡ ಎರಡು ಕೈಯ ಪಿಚರ್‌ಗಳು ಬೇಕಾದಷ್ಟು ಜನ ಇದ್ದಾರೆ. ಅವರಿಗೆ ಹೇಳುವ ಕಾರಣವೇ ಇವನಿಗೂ ಸಾಕು. 1991ರಲ್ಲಿ ಒಂದೇ ಸೀಸನ್‌ನಲ್ಲಿ 243 ಇನಿಂಗ್ಸ್ ಎಸೆದಿದ್ದಾನೆ. ಭುಜ ಸವೆಯುತ್ತದೆ.

ಅರ್ಧರಾತ್ರಿ ಆಟ

ಯಾಂಕೀಸ್ ಮಾಲೀಕ ಜಾರ್ಜ್ ಸ್ಟೈನ್‌ಬ್ರೆನ್ನರ್ ಬೇರೆ ಕಾರಣ ಕೊಟ್ಟಿದ್ದ. ಇವನು ಸಮಾಜಸೇವೆಗೆ ಜಾಸ್ತಿ ಸಮಯ ಕೊಡುತ್ತಾನೆ, ಆಟದ ಕಡೆ ಗಮನ ಸಾಲದು ಅಂತ. ವಿಷಯ ಏನೆಂದರೆ ಪ್ರತಿ ಊರಿನಲ್ಲೂ ಕೈಯೋ ಕಾಲೋ ಇಲ್ಲದ ಮಕ್ಕಳನ್ನು ಕರೆದುಕೊಂಡು ಅಪ್ಪ ಅಮ್ಮ ಸ್ಟೇಡಿಯಂಗೆ ಬರುತ್ತಿದ್ದರು. ಪಂದ್ಯಕ್ಕೆ ಮೊದಲು ಅವನು ಆ ಮಕ್ಕಳ ಜೊತೆ ಕೂತು ಮಾತಾಡುತ್ತಿದ್ದ. ರಾಶಿ ಪತ್ರ ಬರುತ್ತಿದ್ದವು, ಉತ್ತರ ಬರೆಯುತ್ತಿದ್ದ. ಬೇರೆ ಯಾವ ಪಿಚರ್‌ಗೂ ಈ ಕೆಲಸ ಇರಲಿಲ್ಲ.

ಮಾವ, ಇಲ್ಲಿ ನಿಮ್ಮ ಜೊತೆ ನನಗೆ ಸ್ವಲ್ಪ ತಕರಾರು. ಕೈಗೂ ಕೆರಿಯರ್‌ಗೂ ಸಂಬಂಧ ಇಲ್ಲ ಅಂತ ಬರೆದಿರಿ. ಎಸೆತಕ್ಕೆ ಸಂಬಂಧ ಇಲ್ಲದಿರಬಹುದು. ಅವನ ದಿನಕ್ಕೆ ಇತ್ತಲ್ಲ.

ಮಿಶಿಗನ್ ಮಾವ

ಇದಕ್ಕೆ ನನ್ನ ಹತ್ತಿರ ಉತ್ತರ ಇದೆ, ಆದರೆ ಅರ್ಧ ಮಾತ್ರ. ಅವನ ಒಳ್ಳೆಯ ವರ್ಷಗಳಲ್ಲೂ ಮಕ್ಕಳು ಬರುತ್ತಿದ್ದರು, ಪತ್ರ ಬರುತ್ತಿದ್ದವು. 1991ರ 18 ಗೆಲುವಿನ ವರ್ಷ ಯಾರೂ ಅದನ್ನು ದೂರಲಿಲ್ಲ. ಸೋತಾಗ ಮಾತ್ರ ಮಾಲೀಕನಿಗೆ ನೆನಪಾಯಿತು. ಮಿಕ್ಕ ಅರ್ಧ ನೀವು ಹೇಳಿದ್ದೇ ಸರಿ, ಮೈದಾನದ ಹೊರಗೆ ಅವನು ಹೊತ್ತ ಭಾರ ಬೇರೆಯವರಿಗೆ ಇರಲಿಲ್ಲ.

ಬಸವನಗುಡಿ ಬೌಲರ್

2-18 ಆದಮೇಲೆ ಮುಗೀತಾ?

ಅರ್ಧರಾತ್ರಿ ಆಟ

ಮುಗಿಯಬೇಕಿತ್ತು. 1997ರ ಶುರುವಿನಲ್ಲಿ ಏಂಜಲ್ಸ್ ಅವನನ್ನು ಕೈಬಿಟ್ಟಿತು. ಒಂದು ವರ್ಷ ಮನೆಯಲ್ಲಿದ್ದ. 1998ರಲ್ಲಿ ವೈಟ್ ಸಾಕ್ಸ್ ಜೊತೆ ಮತ್ತೆ ಶುರು ಮಾಡಿದ, ಕೆಳಗಿನ ಮೆಟ್ಟಿಲಿನಿಂದ. ಒಲಿಂಪಿಕ್ಸ್ ಫೈನಲ್ ಗೆದ್ದವನು, ಯಾಂಕೀಸ್‌ಗೆ ನೋ ಹಿಟ್ಟರ್ ಎಸೆದವನು, 30ರ ವಯಸ್ಸಿನಲ್ಲಿ ನಾರ್ತ್ ಕ್ಯಾರೊಲಿನಾದ ಹಿಕರಿ ಅನ್ನುವ ಸಣ್ಣ ಊರಿನಲ್ಲಿ ಹುಡುಗರ ಜೊತೆ ಆಡುತ್ತಿದ್ದ. ಒಂದೊಂದೇ ಹಂತ ಹತ್ತಿ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ಗೆ ಬಂದ. ಐದು ಪಂದ್ಯ ಎಸೆದ, ಐದೂ ಗೆಲುವು.

ಗೂಗ್ಲಿ ಗುರು

ಇದು ನನಗೆ ನೋ ಹಿಟ್ಟರ್‌ಗಿಂತ ಹಿಡಿಸಿತು. ನಿಜ ಹೇಳ್ತೀನಿ.

ಲೆಕ್ಕದ ಲಿಂಗಪ್ಪ

ಖುಷಿ ಕೆಡಿಸುವುದು ನನ್ನ ಕೆಲಸ. ಆ ಐದು ಪಂದ್ಯದ ಇ.ಆರ್.ಎ. 4.55. ಅಂದರೆ ಈ ಸಲ ಬ್ಯಾಟರ್‌ಗಳು ಅವನಿಗೆ ರನ್ ಹೊಡೆದುಕೊಟ್ಟರು. 1992ರ ಸಾಲ ಆಗ ತೀರಿತು ಅಂದುಕೊಳ್ಳಿ. ಮರುವರ್ಷ ಮಿಲ್ವಾಕಿ ಬ್ರೂವರ್ಸ್‌ನಲ್ಲಿ 2-8, ಇ.ಆರ್.ಎ. 6.91. ಅಲ್ಲಿಗೆ ನಿವೃತ್ತಿ. ಒಟ್ಟು ಇ.ಆರ್.ಎ. 4.25. ಹಾಲ್ ಆಫ್ ಫೇಮ್‌ಗೆ 75% ಮತ ಬೇಕು, ಪಟ್ಟಿಯಲ್ಲಿ ಉಳಿಯಲು 5%. ಅವನಿಗೆ 2005ರಲ್ಲಿ ಅದೂ ಬರಲಿಲ್ಲ. ಅದು ಸರಿಯಾದ ತೀರ್ಪೇ. ಹಾಲ್ ಆಫ್ ಫೇಮ್ ಪಿಚರ್ ಅವನಲ್ಲ. 1989ರಿಂದ 1992ರವರೆಗೆ ಯಾವ ತಂಡವಾದರೂ ತನ್ನ ಐದು ಪಿಚರ್‌ಗಳಲ್ಲಿ ಒಬ್ಬನಾಗಿ ಇಟ್ಟುಕೊಳ್ಳಲು ಆಸೆಪಡುವಂಥ ಪಿಚರ್.

ಶಾರದಾ ಹಾಸನ

ಕೊನೆಯದಾಗಿ ಒಂದು. ಬ್ಯಾಟಿಂಗ್? ಅವನು ಬ್ಯಾಟ್ ಹಿಡಿಯುತ್ತಲೇ ಇರಲಿಲ್ಲವಾ?

ಮಿಶಿಗನ್ ಮಾವ

ಹಿಡಿಯುತ್ತಿದ್ದ. ಎಡಗೈಯಲ್ಲಿ ಹಿಡಿದು, ಬಲ ಮುಂಗೈಯ ತುದಿಯನ್ನು ಹಿಡಿಕೆಗೆ ಒತ್ತಿಕೊಂಡು ಬೀಸುತ್ತಿದ್ದ. ಆದರೆ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬದಲಿಗೆ ಬೇರೊಬ್ಬ ಬ್ಯಾಟ್ ಮಾಡುವ ನಿಯಮ 1973ರಿಂದಲೇ ಇತ್ತು. ಅದಕ್ಕೇ ಅಷ್ಟು ವರ್ಷ ಅವಕಾಶ ಬರಲಿಲ್ಲ. 1991ರ ಒಂದು ಅಭ್ಯಾಸ ಪಂದ್ಯದಲ್ಲಿ ಮಾತ್ರ ರಿಕ್ ರಶೆಲ್ ಎಸೆತಕ್ಕೆ ಟ್ರಿಪಲ್ (ಥರ್ಡ್ ಬೇಸ್‌ವರೆಗೆ ಓಡಿಸುವ ಹೊಡೆತ) ಹೊಡೆದಿದ್ದ. ಮಿಲ್ವಾಕಿ ಇದ್ದದ್ದು ಇನ್ನೊಂದು ಭಾಗವಾದ ನ್ಯಾಷನಲ್ ಲೀಗ್‌ನಲ್ಲಿ, ಅಲ್ಲಿ ಪಿಚರ್‌ಗಳೂ ಬ್ಯಾಟ್ ಮಾಡಲೇಬೇಕಿತ್ತು. 1999ರಲ್ಲಿ ಎರಡು ಹಿಟ್ ಹೊಡೆದ. ಎರಡೂ ಒಬ್ಬನೇ ಪಿಚರ್ ಮೇಲೆ, ಕಬ್ಸ್‌ನ ಜಾನ್ ಲೀಬರ್.

ಗೂಗ್ಲಿ ಗುರು

ಪಾಪ ಲೀಬರ್. ಅವನಿಗೆ ಆಮೇಲೆ ಕೆಲಸ ಇತ್ತಾ?

ಲೆಕ್ಕದ ಲಿಂಗಪ್ಪ

2001ರಲ್ಲಿ 20 ಪಂದ್ಯ ಗೆದ್ದ.